ಟವಲ್ ಕೆಳಗಿನ ಅಮೆರಿಕ

ಶ್ರೀನಿವಾಸಪುರದ ಅಜ್ಮತುಲ್ಲಾ ಸಾಹೇಬರು ಹದಿನೆಂಟು ವರ್ಷಗಳಿಂದ ಮೈಕಿನಲ್ಲಿ ಒಂದೇ ಮಾತು ಹೇಳಿಕೊಂಡು ಬಂದಿದ್ದರು: “ಹೌದು ಮೇಷ್ಟ್ರೇ, ಒಳ್ಳೇ ಮಾತು.”

ಕೋಲಾರ ಜಿಲ್ಲೆಯಲ್ಲಿ ಎಲ್ಲೇ ಕಬಡ್ಡಿ ನಡೆಯಲಿ, ಕಾಮೆಂಟರಿಗೆ ಎರಡು ಮೈಕು. ಮೊದಲನೆಯದು ಮುಳಬಾಗಿಲಿನ ಕೋದಂಡರಾಮಪ್ಪನವರದು. ಅವರು ನಿವೃತ್ತ ಪಿ.ಟಿ. ಮೇಷ್ಟ್ರು, ಮೈಕು ಕೆಟ್ಟರೂ ಊರಾಚೆಯ ಕೆರೆ ಕಟ್ಟೆಗೆ ಕೇಳಿಸುವ ಗಂಟಲು. ತಂಡ ಪರಿಚಯಿಸುವುದು, ರೈಡರ್‌ನನ್ನು ಹೊಗಳುವುದು, ಔಟಾದವನನ್ನು ಕಿಚಾಯಿಸುವುದು, ಅತಿಥಿಗಳಿಗೆ ಶಾಲು ಹೊದಿಸುವಾಗ ಅವರ ಮುತ್ತಾತನವರೆಗೂ ಹೋಗಿ ಬರುವುದು, ಎಲ್ಲಾ ಅವರದೇ. ಅವರು ಉಸಿರೆಳೆದುಕೊಳ್ಳುವ ಸಂದಿಯಲ್ಲಿ ಎರಡನೇ ಮೈಕಿನವರು ಆ ಒಂದು ಮಾತು ತೂರಿಸಬೇಕು. ಅಷ್ಟೇ ಕೆಲಸ.

ಅಜ್ಮತ್ ಸಾಹೇಬರೇನು ಬಾಯಿಲ್ಲದವರೇ? ಮಾವಿನ ಮಂಡಿಯಲ್ಲಿ ಅವರ ಮಾತಿಗೆ ಎಂಥಾ ತೂಕ! ಹೂ ಬಿಟ್ಟ ತೋಟವನ್ನು ಒಂದು ಸುತ್ತು ಹಾಕಿ, ಗಡ್ಡ ಕೆರೆದುಕೊಂಡು, ಇಷ್ಟು ಟನ್ ಬರುತ್ತದೆ ಎಂದರೆ ಮುಗಿಯಿತು. ಅಂಥವರು ಕಬಡ್ಡಿ ಮೈದಾನದಲ್ಲಿ ಬರೀ ತಲೆಯಾಡಿಸಿಕೊಂಡು ಕೂರಬೇಕೆಂದರೆ ಹೊಟ್ಟೆ ಉರಿಯುವುದಿಲ್ಲವೇ? ಉರಿಯುತ್ತಿತ್ತು. ಒಂದು ಸಲ, ಒಂದೇ ಒಂದು ಸಲ, ಮೊದಲ ಮೈಕು ಹಿಡಿಯಬೇಕು ಎಂಬ ಆಸೆ ಅವರಿಗೆ ಹದಿನೆಂಟು ವರ್ಷದ್ದು. ಅದೂ ಈ ವರ್ಷವೇ ಆಗಬೇಕು. ಏಕೆಂದರೆ ಈ ಸಲ ಜಿಲ್ಲಾ ಫೈನಲ್ ಅವರದೇ ಊರಲ್ಲಿ, ಅವರದೇ ಮಂಡಿಯ ಅಂಗಳದಲ್ಲಿ. ಹೆಂಡತಿ ಹಜೀರಾ ಮೊದಲ ಸಲ ಗಂಡನ ಕಾಮೆಂಟರಿ ಕೇಳಲು ಬರುವವರಿದ್ದರು.

ಆ ಮೈಕು ಯಾರ ಕೈಗೆ ಹೋಗಬೇಕು ಎಂಬುದು ಮಾತ್ರ ಅಮೆರಿಕದಲ್ಲಿ ತೀರ್ಮಾನವಾಗಬೇಕಿತ್ತು. ಇದೆಂಥಾ ಹುಚ್ಚು ಅಂತೀರಾ? ಹುಚ್ಚೇ. ಕೇಳಿ.

ನಮ್ಮ ಕಡೆ ಮೊದಲ ಮೈಕಿನವರಿಗೆ ಒಂದು ಕರ್ಮ ಅಂಟಿಕೊಂಡಿದೆ. ಫೈನಲ್ಲಿನಲ್ಲಿ ಟಾಸ್ ಹಾಕುವ ಮುಂಚೆ ಯಾರು ಗೆಲ್ಲುತ್ತಾರೆ ಎಂದು ಅವರು ಬಾಯಿಬಿಟ್ಟು ಹೇಳಬೇಕು. ಇದಕ್ಕೆ ‘ಮುಂಗಡ ಮಾತು’ ಎನ್ನುತ್ತಾರೆ. ಹೇಳದಿದ್ದರೆ ಜನ ಆಟ ಶುರುಮಾಡಲು ಬಿಡುವುದಿಲ್ಲ. ‘ಎರಡೂ ತಂಡ ಚೆನ್ನಾಗಿದೆ’ ಎಂದು ಜಾರಿಕೊಳ್ಳಲು ಹೋದರೆ ಶಿಳ್ಳೆ ಹೊಡೆದು ಹೊಡೆದು ಕಿವಿ ತೂತು ಮಾಡುತ್ತಾರೆ. ಮೂರು ವರ್ಷದ ಕೆಳಗೆ ಟೇಕಲ್‌ನಲ್ಲಿ ಮೇಷ್ಟ್ರು, ಟೇಕಲ್ ಜನರ ಮುಂದೆಯೇ, ಟೇಕಲ್ ಸೋಲುತ್ತದೆ ಎಂದುಬಿಟ್ಟರು. ಟೇಕಲ್ ಗೆದ್ದಿತು. ಗೆದ್ದವರು ಇಬ್ಬರು ಕಾಮೆಂಟರಿಯವರಿಗೂ ಹಾರ ಹಾಕಿ, ತಮಟೆ ಬಡಿಯುತ್ತಾ ಸ್ಟೇಷನ್‌ವರೆಗೆ ಮೆರವಣಿಗೆ ಮಾಡಿ, ಬೆಂಗಳೂರು ಕಡೆಯ ರೈಲಿಗೆ ಹತ್ತಿಸಿ ಕಳಿಸಿದರು. ಇವರ ಮನೆಗಳಿರುವುದು ತದ್ವಿರುದ್ಧ ದಿಕ್ಕಿನಲ್ಲಿ.

ರೈಲು ಮಾಲೂರು ದಾಟಿತು. ಮೇಷ್ಟ್ರು ಹಾರ ತೆಗೆದು ಪಕ್ಕಕ್ಕಿಟ್ಟು, “ಸಾಹೇಬ್ರೇ, ಇನ್ಮೇಲೆ ಭವಿಷ್ಯ ಹೇಳೋದಾದ್ರೆ, ಕೋಪ ಬಂದೋರು ಬಸ್ ಹತ್ಕೊಂಡು ನಮ್ಮನೆ ಬಾಗ್ಲಿಗೆ ಬರೋಕಾಗದ ಊರಿಂದು ಹೇಳ್ಬೇಕು” ಎಂದರು.

“ಹೌದು ಮೇಷ್ಟ್ರೇ, ಒಳ್ಳೇ ಮಾತು” ಎಂದರು ಸಾಹೇಬರು, ಅಭ್ಯಾಸಬಲ.

ಹಾಗೆ ಹುಟ್ಟಿದ್ದು ‘ಟವಲ್ ಭವಿಷ್ಯ’ ಎಂಬ ಯೂಟ್ಯೂಬ್ ಚಾನೆಲ್. ಅದರಲ್ಲಿ ಅಮೆರಿಕದ ನಾಲ್ಕು ಆಟಗಳ ಭವಿಷ್ಯ. ಒಂದು ಬ್ಯಾಸ್ಕೆಟ್‌ಬಾಲ್. ಇನ್ನೊಂದು ಮೊಟ್ಟೆಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅವರ ಫುಟ್‌ಬಾಲ್. ಫುಟ್‌ಬಾಲ್ ಅಂತೆ, ಅದಕ್ಕೆ ಕಾಲು ತಾಗುವುದೇ ಅಪರೂಪ. ಮೂರನೆಯದು ಬೇಸ್‌ಬಾಲ್, ನಾಲ್ಕನೆಯದು ಮಂಜುಗಡ್ಡೆಯ ಮೇಲಿನ ಹಾಕಿ. ತಂಡಗಳ ಹೆಸರು ನಾಲಿಗೆಗೆ ಹೊರಳುವುದಿಲ್ಲವೆಂದು ಎಲ್ಲಕ್ಕೂ ನಂಬರ್ ಹಾಕಿ ಗೋಡೆಗೆ ಪಟ್ಟಿ ಅಂಟಿಸಿದ್ದರು. ಬೆಳಗಿನ ಐದಕ್ಕೆ ಎದ್ದು, ಅವರವರ ಮನೆಯಲ್ಲಿ ಟೀ ಕುಡಿಯುತ್ತಾ ಆಟ ನೋಡಿ, ಏಳಕ್ಕೆ ಫೋನಿನಲ್ಲಿ ಜಗಳವಾಡುತ್ತಿದ್ದರು. ಮಂಡಿಯ ಕೋಣೆಯಲ್ಲಿ ಇವರನ್ನು ಕೂರಿಸಿ ಫೋನಿನಲ್ಲಿ ವಿಡಿಯೋ ಹಿಡಿಯುವವರು ಹಜೀರಾ.

ಚಾನೆಲ್ಲಿಗೆ ಆ ಹೆಸರು ಏಕೆಂದರೆ, ಭವಿಷ್ಯ ಹೇಳುತ್ತಿದ್ದದ್ದು ಬಾಯಲ್ಲಲ್ಲ. ಮಂಡಿಯಲ್ಲಿ ನಾಲ್ಕು ಜನಕ್ಕೆ ಗೊತ್ತಾಗದಂತೆ ರೇಟು ಮಾತಾಡಬೇಕಾದರೆ ಇಬ್ಬರೂ ಒಂದು ಟವಲ್ ಕೆಳಗೆ ಕೈ ಇಟ್ಟು ಬೆರಳು ಹಿಡಿಯುತ್ತಾರಲ್ಲ, ಅದೇ ಪದ್ಧತಿ. ಒಂದು ಬೆರಳು ಹಿಡಿದರೆ ಒಂದು, ಅಂಗೈ ಪೂರ್ತಿ ಹಿಡಿದರೆ ಐದು, ಅದಕ್ಕಿಂತ ದೊಡ್ಡ ನಂಬರಿಗೆ ಮತ್ತೆ ಮತ್ತೆ ಹಿಡಿಯುವುದು, ಮುಷ್ಟಿ ಕೊಟ್ಟರೆ ‘ಈ ವ್ಯಾಪಾರದಲ್ಲಿ ನಾನಿಲ್ಲ’ ಎಂದು. ವರ್ಷದ ಮೊದಲಲ್ಲಿ ಒಬ್ಬರು ಇನ್ನೊಬ್ಬರಿಗೆ ಟವಲ್ ಕೆಳಗೆ ನಂಬರ್ ಕೊಡಬೇಕು. ವರ್ಷದ ಕೊನೆಯಲ್ಲಿ, ಕೊಟ್ಟವರಲ್ಲ, ತೆಗೆದುಕೊಂಡವರು ಅದನ್ನು ಬಿಚ್ಚಿ ಹೇಳಬೇಕು. ಬಿಚ್ಚಿದ್ದು ತಪ್ಪಿದ್ದರೆ ಕೊಟ್ಟವರು ಆ ಕ್ಷಣವೇ ತಕರಾರು ಎತ್ತಬೇಕು. ಸುಮ್ಮನಿದ್ದರೆ ಒಪ್ಪಿಕೊಂಡ ಹಾಗೆ. ಸುಳ್ಳಾಡಿದವನ ಟವಲ್ ಕೆಳಗೆ ಮಂಡಿಯಲ್ಲಿ ಮತ್ತೆ ಯಾರೂ ಕೈ ಇಡುವುದಿಲ್ಲ.

ಈ ವರ್ಷ ಭವಿಷ್ಯಕ್ಕೆ ಪಂಥ ಸೇರಿಸಿದವರು ಅಜ್ಮತ್ ಸಾಹೇಬರೇ. ನಾಲ್ಕು ಆಟದಲ್ಲಿ ಯಾರದು ಹೆಚ್ಚು ಸರಿಯೋ ಅವರಿಗೆ ಜಿಲ್ಲಾ ಫೈನಲ್ಲಿನ ಮೊದಲ ಮೈಕು. ಮೇಷ್ಟ್ರು ನಕ್ಕು ಒಪ್ಪಿದರು. ಜೀವನದಲ್ಲಿ ತಾನು ಸೋಲಬಹುದು ಎಂಬ ಅನುಮಾನವೇ ಬಾರದ ಮನುಷ್ಯ ಅವರು.

ಡಿಸೆಂಬರ್ ಬಂತು. ಲೆಕ್ಕ ಒಪ್ಪಿಸುವ ಭಾನುವಾರ ಬೆಳಿಗ್ಗೆ ಸಾಹೇಬರು ಹಿಂದಿನ ದಿನದ ಚಿಂತಾಮಣಿ ಮದುವೆಯ ಬಿರಿಯಾನಿ ಇನ್ನೂ ಕರಗದ ಹೊಟ್ಟೆಯಲ್ಲಿ, ಸೋತ ಮುಖದಲ್ಲಿ ಮಂಡಿಗೆ ಬಂದರು. ತಾವು ಕೊಟ್ಟಿದ್ದು ತಮಗೇ ಗೊತ್ತಿಲ್ಲವೇ? ಅವರದು ನಾಲ್ಕರಲ್ಲಿ ಒಂದು ಸರಿ. ಮೇಷ್ಟ್ರದು ಎರಡು. ಮಾವಿನ ಹೂ ನೋಡಿದಂತೆ ಆಟಗಾರರ ಮೈಕಟ್ಟು ನೋಡಿ ನಂಬರ್ ಕೊಟ್ಟರೆ ಇನ್ನೇನಾಗುತ್ತದೆ! ಮೈಕು ಕೈತಪ್ಪಿತು ಎಂದುಕೊಂಡೇ ಬೆಂಚಿನ ಮೇಲೆ ಕುಳಿತರು.

ಹಜೀರಾ ಕೈಸನ್ನೆ ಮಾಡಿದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಬಿಚ್ಚತೊಡಗಿದರು.

“ಬ್ಯಾಸ್ಕೆಟ್‌ಬಾಲ್. ನಮ್ಮ ಸಾಹೇಬ್ರು ನಂಗೆ ಕೊಟ್ಟಿದ್ದು ಹದಿಮೂರು. ಗೆದ್ದಿದ್ದು ಹದಿಮೂರು. ಭೇಷ್!”

ಅದು ನಿಜ.

“ಫುಟ್‌ಬಾಲ್. ಗೆದ್ದಿದ್ದು ಒಂಬತ್ತು. ಸಾಹೇಬ್ರು ಕೊಟ್ಟಿದ್ದೂ ಒಂಬತ್ತು. ಭಲೇ!”

ಸಾಹೇಬರು ಬಾಯಿ ತೆರೆದರು. ತಾವು ಕೊಟ್ಟಿದ್ದು ನಾಲ್ಕು. ಚೆನ್ನಾಗಿ ನೆನಪಿದೆ, ನಾಲ್ಕು ಬೆರಳು ಒಟ್ಟಿಗೆ ಹಿಡಿದಿದ್ದರು. ಮೇಷ್ಟ್ರಿಗೆ ಮರೆವು ಬಂತೇ? ತಕರಾರು ಎತ್ತಬೇಕು, ಈಗಲೇ ಎತ್ತಬೇಕು. ಅಷ್ಟರಲ್ಲಿ ಕಣ್ಣು ಮೇಜಿನ ಮೇಲೆ ಹೋಯಿತು. ಮೊದಲ ಮೈಕು ಅಲ್ಲಿ ಪಂಥದ ಗುರುತಾಗಿ, ತಲೆಗೆ ಕೆಂಪು ಸ್ಪಂಜು ಏರಿಸಿಕೊಂಡು ಕುಳಿತಿತ್ತು. ಸಾಹೇಬರ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು.

“ಬೇಸ್‌ಬಾಲ್, ಸರಿ! ಐಸ್ ಹಾಕಿ, ಅದೂ ಸರಿ! ನಾಲ್ಕಕ್ಕೆ ನಾಲ್ಕು! ಅಮೆರಿಕದೋರ್ಗೇ ಗೊತ್ತಿರ್ಲಿಲ್ಲ ಕಣ್ರೀ, ನಮ್ಮ ಶ್ರೀನಿವಾಸಪುರದ ಸಾಹೇಬ್ರಿಗೆ ಗೊತ್ತಿತ್ತು!”

ಸಾಹೇಬರು ತಕರಾರು ಎತ್ತಲಿಲ್ಲ. ತಮ್ಮ ಸರದಿ ಬಂದಾಗ ಮೇಷ್ಟ್ರದನ್ನು ಇದ್ದದ್ದು ಇದ್ದ ಹಾಗೆ ಬಿಚ್ಚಿದರು: ಎರಡು ಸರಿ, ಎರಡು ತಪ್ಪು. ಮೇಷ್ಟ್ರು ಮುಖ ಬಾಡಿಸಿಕೊಳ್ಳುವುದು ಹೋಗಲಿ, ಮಗಳ ಮದುವೆ ಗೊತ್ತಾದವರಂತೆ ಎದ್ದು ನಿಂತು, ಮೈಕನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟು, ಚಹಾ ಕೂಡ ಕುಡಿಯದೆ ಮುಳಬಾಗಿಲಿನ ಬಸ್ಸು ಹಿಡಿದರು.

ಮನೆಗೆ ಬಂದ ಮೇಲೆ ಸಾಹೇಬರು ಮೈಕನ್ನು ಟಿ.ವಿ. ಪಕ್ಕ ಇಟ್ಟರು. ಅಲ್ಲಿಂದ ತೆಗೆದು ಬೀರುವಿನ ಮೇಲಿಟ್ಟರು. ಎಲ್ಲಿಟ್ಟರೂ ಅದು ತಮ್ಮನ್ನೇ ನೋಡುತ್ತಿದೆ ಅನ್ನಿಸಿತು. ಮೂವತ್ತು ವರ್ಷ ಟವಲ್ ಕೆಳಗೆ ಒಂದು ಬೆರಳು ಹೆಚ್ಚುಕಮ್ಮಿ ಮಾಡದವರು ಒಂದು ಮೈಕಿಗಾಗಿ ಮೂರು ಸುಳ್ಳು ನುಂಗಿದ್ದರು. ನಾಚಿಕೆಯಾಯಿತು. ಆದರೂ ಮೈಕನ್ನು ಹಿಂದಕ್ಕೆ ಕೊಡಲು ಮನಸ್ಸು ಬರಲಿಲ್ಲ.

“ಐಸ್ ಆಟಕ್ಕೆ ನೀವು ಕೊಟ್ಟಿದ್ದು ಹನ್ನೊಂದು ಅಲ್ವಾ ಜೀ?” ಎಂದರು ಹಜೀರಾ, ಬಟಾಣಿ ಸುಲಿಯುತ್ತಾ. “ಅವತ್ತು ನನ್ನ ಹತ್ರ ಹೇಳಿದ್ರಿ.”

“ಮೇಷ್ಟ್ರಿಗೆ ಮರೆತುಹೋಗಿರ್ಬೇಕು.”

“ಮೇಷ್ಟ್ರಿಗೆ! ನಾಲ್ಕನೇ ಕ್ಲಾಸಲ್ಲಿ ಯಾರು ಯಾರಿಗೆ ಎಷ್ಟು ಬಸ್ಕಿ ಹೊಡೆಸಿದ್ರು ಅಂತ ನೆನಪಿಟ್ಕೊಂಡಿರೋ ಮೇಷ್ಟ್ರಿಗೆ!”

ಅಷ್ಟರಲ್ಲಿ ಹಜೀರಾ ಅವರ ಫೋನು ಬಡಿದುಕೊಂಡಿತು. ಅವರ ತವರು ರಾಯಲ್ಪಾಡು. ಅಲ್ಲಿಂದ ತಮ್ಮ ಫರ್ಹಾನ್ ಕಿರುಚುತ್ತಿದ್ದದ್ದು ಅಡುಗೆಮನೆಗೆಲ್ಲ ಕೇಳಿಸಿತು. ನಿನ್ನೆ ಮುಳಬಾಗಿಲಿನಲ್ಲಿ ಸೆಮಿಫೈನಲ್ ನಡೆದಿದೆ, ರಾಯಲ್ಪಾಡು ಗೆದ್ದಿದೆ, ಫೈನಲ್ಲಿನಲ್ಲಿ ಬೈರಕೂರಿನ ಎದುರು. “ಭಾಯಿಜಾನ್‌ಗೆ ಹೇಳಿ ಆಪಾ, ಮುಂಗಡ ಮಾತಲ್ಲಿ ನಮ್ಮೂರ ಹೆಸ್ರು ಬರ್ಬೇಕು. ಅವ್ರ ಮಾವನ ಮನೆ ಮರ್ಯಾದೆ ಇದು. ನಾವು ಎರಡು ಲಾರಿ ಜನ ಬರ್ತಿದೀವಿ.”

ಫೋನು ಕೆಳಗಿಡುವಷ್ಟರಲ್ಲಿ ಸಾಹೇಬರದು ಹೊಡೆದುಕೊಂಡಿತು. ಬೈರಕೂರಿನ ಸೊಣ್ಣಪ್ಪ. ಸಾಹೇಬರು ವರ್ಷಾ ವರ್ಷಾ ಗುತ್ತಿಗೆ ಹಿಡಿಯುವ ಮೂರು ಮಾವಿನ ತೋಟ ಅವನದು. “ಸಾಹೇಬ್ರೇ, ಮೊದಲ ಮೈಕು ನಿಮ್ದಂತೆ, ಶಾನೆ ಸಂತೋಷ. ಮುಂದಿನ ತಿಂಗ್ಳು ನಮ್ಮ ತೋಟದಾಗೆ ಹೂ ಬರ್ತದೆ. ಈ ಸಲ ಯಾರ್ಯಾರೋ ಕೇಳ್ತಾವ್ರೆ. ನಾನು ಮಾತ್ರ, ಫೈನಲ್ ಮುಗೀಲಿ, ಸಾಹೇಬ್ರು ಏನಂತಾರೋ ನೋಡಾಣ ಅಂದಿದ್ದೀನಿ.”

ಸಾಹೇಬರು ಕುಕ್ಕರಿಸಿದರು. ಈಗ ಎಲ್ಲಾ ತಿಳಿಯಿತು. ನಿನ್ನೆ ತಾವು ಚಿಂತಾಮಣಿ ಮದುವೆಯಲ್ಲಿದ್ದಾಗ ಸೆಮಿಫೈನಲ್ಲಿನಲ್ಲಿ ಮೈಕು ಹಿಡಿದಿದ್ದವರು ಮೇಷ್ಟ್ರು. ಮೇಷ್ಟ್ರ ಹೆಂಡತಿ ಆದಿಲಕ್ಷ್ಮಮ್ಮನವರ ತವರು ಬೈರಕೂರು. ರಾಯಲ್ಪಾಡಿನ ಏಳು ಆಟಗಾರರಲ್ಲಿ ಐದು ಜನ ಮೇಷ್ಟ್ರ ಶಿಷ್ಯರು. ಯಾವ ಊರ ಹೆಸರು ಹೇಳಿದರೂ ಆ ಮನುಷ್ಯನಿಗೆ ಉಳಿಗಾಲವಿರಲಿಲ್ಲ.

“ಅಯ್ಯೋ ಕಳ್ಳ ಮೇಷ್ಟ್ರೇ!” ಎಂದು ಸಾಹೇಬರು ಕೂಗಿದ ರಭಸಕ್ಕೆ ಹಜೀರಾ ಅವರ ಮಡಿಲ ಬಟಾಣಿ ಚೆಲ್ಲಾಡಿತು. “ಮೈಕು ಕೊಡ್ಲಿಲ್ಲ ಕಣೇ ಅವ್ರು, ಕೆಂಡ ತಂದು ಕೈಗಿಟ್ರು!”

ಹಜೀರಾ ನಗಲು ಶುರುಮಾಡಿದವರು ಕಣ್ಣಲ್ಲಿ ನೀರು ಬರುವವರೆಗೆ ನಿಲ್ಲಿಸಲಿಲ್ಲ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದರು: “ಅವ್ರು ಕಳ್ಳರೇ. ಆದ್ರೆ ನೀವು ಯಾಕೆ ಸುಮ್ನಿದ್ರಿ?”

ಸಾಹೇಬರು ಬಗ್ಗಿ ಬಟಾಣಿ ಆಯತೊಡಗಿದರು. ಆರು ದಿನ ಅವರಿಗೆ ಊಟ ಸೇರಲಿಲ್ಲ. ರಾಯಲ್ಪಾಡು ಎಂದರೆ ತೋಟ ಹೋಗುತ್ತದೆ. ಬೈರಕೂರು ಎಂದರೆ ಹೆಂಡತಿಯ ತವರಿಗೆ ಇನ್ನು ಕಾಲಿಡುವ ಹಾಗಿಲ್ಲ. ಜ್ವರ ಎಂದು ಮಲಗಿಬಿಡೋಣವೆಂದರೆ ಹದಿನೆಂಟು ವರ್ಷದ ಆಸೆ. ಇಷ್ಟೆಲ್ಲದರ ಕೆಳಗೆ, ಚಪ್ಪಲಿಯೊಳಗಿನ ಕಲ್ಲಿನಂತೆ, ಆ ಮೂರು ಸುಳ್ಳು ಒತ್ತುತ್ತಲೇ ಇದ್ದವು. ಆರನೇ ದಿನ ಬೆಳಿಗ್ಗೆ ಗಡ್ಡ ಬಾಚಿಕೊಳ್ಳುತ್ತಿದ್ದಾಗ ಏನು ಹೊಳೆಯಿತೋ, ಕನ್ನಡಿ ನೋಡಿಕೊಂಡು ಒಬ್ಬರೇ ನಕ್ಕರು. ಎರಡು ಇಡ್ಲಿ ಹೆಚ್ಚಿಗೆ ತಿಂದರು.

ಶನಿವಾರ ಮಧ್ಯಾಹ್ನ ಮಂಡಿಯ ಅಂಗಳದಲ್ಲಿ ಎಳ್ಳು ಬಿದ್ದರೂ ನೆಲಕ್ಕೆ ತಾಗದಷ್ಟು ಜನ. ಶೆಡ್ಡಿನ ತಗಡಿನ ಮೇಲೂ ಹತ್ತಿ ಕುಳಿತಿದ್ದರು. ಎಡಗಡೆ ರಾಯಲ್ಪಾಡಿನ ಎರಡು ಲಾರಿ ಜನ ತೆಲುಗಿನಲ್ಲಿ ಜೈಕಾರ ಹಾಕುತ್ತಿದ್ದರು. ಬಲಗಡೆ ಬೈರಕೂರಿನವರು ಟ್ರ್ಯಾಕ್ಟರ್ ಹಾರ್ನಿನಲ್ಲೇ ಉತ್ತರ ಕೊಡುತ್ತಿದ್ದರು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಆದಿಲಕ್ಷ್ಮಮ್ಮ ತಮ್ಮ ಮೂವರು ಅಣ್ಣಂದಿರ ನಡುವೆ, ಅವರ ಪಕ್ಕದಲ್ಲೇ ಹಜೀರಾ. ಮೇಷ್ಟ್ರು ಎರಡನೇ ಮೈಕು ಹಿಡಿದು, ಕಾಲ ಮೇಲೆ ಕಾಲು ಹಾಕಿ, ಬೀಗರ ಮನೆಗೆ ಊಟಕ್ಕೆ ಬಂದವರಂತೆ ನಿಶ್ಚಿಂತೆಯಾಗಿ ಕುಳಿತಿದ್ದರು.

“ಮುಂಗಡ ಮಾತು! ಮುಂಗಡ ಮಾತು!” ಎಂದು ಜನ ಹುಯಿಲೆಬ್ಬಿಸಿದರು.

ಅಜ್ಮತ್ ಸಾಹೇಬರು ಎದ್ದು ನಿಂತರು. ಹೆಗಲ ಮೇಲಿನ ಟವಲ್ ಸರಿಮಾಡಿಕೊಂಡರು. ಮೊದಲ ಮೈಕನ್ನು ಬಾಯಿಯ ಹತ್ತಿರ ತಂದರು.

“ಸಭಿಕರೇ, ಮುಂಗಡ ಮಾತಿಗೂ ಮುಂಚೆ ಒಂದು ನಿಜದ ಮಾತು. ಈ ಮೈಕು ನಂದಲ್ಲ. ಅಮೆರಿಕದ ನಾಲ್ಕು ಆಟದಲ್ಲಿ ನಾನು ಸರಿಯಾಗಿ ಹೇಳಿದ್ದು ಒಂದೇ. ಮೇಷ್ಟ್ರು ನನ್ನ ಮೇಲಿನ ಪ್ರೀತಿಗೆ ನಾಲ್ಕೂ ಸರಿ ಅಂದ್ಬಿಟ್ರು. ನಾನು ಆಸೆಗೆ ಬಿದ್ದು ಸುಮ್ನಿದ್ದೆ. ಟವಲ್ ಮಾತಿಗೆ ಮೋಸ ಮಾಡ್ದೆ. ಆರು ದಿನದಿಂದ ನಂಗೆ ಅನ್ನ ಸೇರಿಲ್ಲ. ಗೆದ್ದೋರು ಮೇಷ್ಟ್ರು, ಮೈಕು ಅವ್ರದು, ಮುಂಗಡ ಮಾತೂ ಅವ್ರದೇ. ದೊಡ್ಡ ಮನಸ್ಸು ಮಾಡಿ ತಗೋಬೇಕು ಮೇಷ್ಟ್ರೇ.”

ಎರಡೂ ಊರಿನವರು ಒಟ್ಟಿಗೆ ಚಪ್ಪಾಳೆ ಹೊಡೆದರು. ಸೊಣ್ಣಪ್ಪ ಎದ್ದು ನಿಂತು ಕೈಮುಗಿದ. ಫರ್ಹಾನ್ ಲಾರಿಯ ಮೇಲಿಂದ “ನಮ್ಮ ಭಾವ!” ಎಂದು ಕೂಗಿದ. ಮೇಷ್ಟ್ರ ಕಾಲು ಮಾತ್ರ ಇನ್ನೊಂದು ಕಾಲ ಮೇಲಿಂದ ನಿಧಾನವಾಗಿ ಇಳಿಯಿತು. ಸಾಹೇಬರ ಎದೆಯೊಳಗಿನ ಕಲ್ಲು ಕರಗಿತ್ತು, ಮೇಷ್ಟ್ರ ಮುಖ ನೋಡಿ ಒಳಗೊಳಗೇ ಜಾತ್ರೆಯೂ ಶುರುವಾಗಿತ್ತು. ಸತ್ಯ ಹೇಳುವುದರಲ್ಲಿ ಇಷ್ಟು ಮಜಾ ಇದೆಯೆಂದು ಅವರಿಗೆ ಐವತ್ತಾರು ವರ್ಷದವರೆಗೆ ಗೊತ್ತೇ ಇರಲಿಲ್ಲ.

ಮೇಷ್ಟ್ರು ಮೈಕು ತೆಗೆದುಕೊಂಡರು. ಮುಂದೆ ನೋಡಿದರು, ಮೂವರು ಭಾವಮೈದುನರು. ಎಡಕ್ಕೆ ನೋಡಿದರು, ಐದು ಜನ ಶಿಷ್ಯರು. ಆದರೆ ಮೂವತ್ತು ವರ್ಷ ತುಂಟರನ್ನು ಪಳಗಿಸಿದ ತಲೆ ಅದು, ಸುಮ್ಮನೆ ಸೋಲುತ್ತದೆಯೇ? ಸಟ್ಟನೆ ಸಾಹೇಬರ ಹೆಗಲ ಮೇಲಿನ ಟವಲ್ ಎಳೆದುಕೊಂಡು ಇಬ್ಬರ ಕೈ ಮೇಲೂ ಹೊದಿಸಿದರು.

“ಮಂಡಿಯಲ್ಲಿ ನಿಂತು ಮಂಡಿ ಪದ್ಧತಿ ಬಿಡೋದುಂಟಾ? ಇಗೋ, ಮುಂಗಡ ಮಾತನ್ನ ಟವಲ್ ಕೆಳಗೆ ಕೊಡ್ತಾ ಇದೀನಿ. ಒಂದು ಬೆರಳು ಅಂದ್ರೆ ಬೈರಕೂರು, ಎರಡು ಅಂದ್ರೆ ರಾಯಲ್ಪಾಡು. ಆಟ ಮುಗಿದ ಮೇಲೆ ಸಾಹೇಬ್ರು ಬಿಚ್ತಾರೆ. ಇವ್ರಷ್ಟು ಸತ್ಯವಂತರು ಜಿಲ್ಲೇಲೇ ಇಲ್ಲ ಅಂತ ಈಗ ತಾನೇ ನೀವೇ ಚಪ್ಪಾಳೆ ಹೊಡೆದ್ರಲ್ಲ!”

ಜನ ಹೋ ಎಂದರು. ಟವಲ್ ಅಲುಗಾಡಿತು. ಸಾಹೇಬರು ಕೆಳಗೆ ಬೆರಳು ಹುಡುಕಿದರು. ಒಂದಿಲ್ಲ, ಎರಡಿಲ್ಲ. ಮೇಷ್ಟ್ರು ಬಿಗಿಯಾಗಿ ಮುಷ್ಟಿ ಕಟ್ಟಿದ್ದರು.

“ಮೇಷ್ಟ್ರೇ!” ಎಂದು ಸಾಹೇಬರು ಹಲ್ಲು ಕಚ್ಚಿ ಪಿಸುಗುಟ್ಟಿದರು.

“ಮಾತು ಹೊತ್ತೋರಿಗೇ ಮೊದಲ ಮೈಕು” ಎಂದು ಮೇಷ್ಟ್ರು ಗಟ್ಟಿಯಾಗಿ ಸಾರಿ, ಕೆಂಪು ಸ್ಪಂಜಿನ ಮೈಕನ್ನು ಮತ್ತೆ ಅವರ ಕೈಗೆ ತುರುಕಿ, ಎರಡನೆಯದನ್ನು ಹಿಡಿದು ಕುಳಿತರು. ಅಂಪೈರ್ ಸೀಟಿ ಊದಿದ.

ಇನ್ನು ಮಾಡುವುದೇನು? ರೈಡರ್ ಗೆರೆ ದಾಟುತ್ತಿದ್ದ. ಸಾಹೇಬರು ಬಾಯಿ ತೆರೆದರು. ತೆರೆದ ಬಾಯಿ ನಲವತ್ತು ನಿಮಿಷ ಮುಚ್ಚಲಿಲ್ಲ. ಹದಿನೆಂಟು ವರ್ಷ ಒಳಗೆ ಕೂಡಿಟ್ಟಿದ್ದ ಮಾತೆಲ್ಲ ಕಟ್ಟೆಯೊಡೆದು ಬಂತು; ಕನ್ನಡ, ತೆಲುಗು, ದಖನಿ ಉರ್ದು, ಮಂಡಿಯ ಕೂಗು, ಎಲ್ಲಾ ಕಲಸಿ. ಬೋನಸ್ ಪಾಯಿಂಟ್ ಕದ್ದವನನ್ನು “ಇನ್ನೊಬ್ರ ತೋಟದ ಕಾಯಿ ಕಿತ್ತ ನೋಡ್ರಪ್ಪಾ” ಎಂದರು. ಏಳು ಜನ ಒಬ್ಬನ ಮೇಲೆ ಬಿದ್ದಾಗ “ಹಣ್ಣಾಗೋಕೆ ಹುಲ್ಲು ಮುಚ್ಚಿಟ್ರು” ಎಂದರು. ಆಟಗಾರರೇ ನಿಂತು ನಕ್ಕರು. ಹಜೀರಾ ವಿಡಿಯೋ ಹಿಡಿಯುವುದನ್ನೇ ಮರೆತು ಗಂಡನನ್ನು ನೋಡುತ್ತಾ ಕುಳಿತಿದ್ದರು. ಮೇಷ್ಟ್ರು ಉಸಿರಿನ ಸಂದಿಗೆ ಕಾದು ಕಾದು ನೋಡಿದರು, ಸಿಗಲಿಲ್ಲ. ಸಿಕ್ಕ ಒಂದೆರಡು ಕಡೆಯೂ ಎರಡನೇ ಮೈಕಿನ ಆ ಹಳೆಯ ಮಾತು ಅವರ ನಾಲಿಗೆಯಿಂದ ಹೊರಡಲಿಲ್ಲ. ಗತ್ತು ಅಡ್ಡ ಬಂತು.

ಬೈರಕೂರು ಒಂದೇ ಪಾಯಿಂಟಿನಿಂದ ಗೆದ್ದಿತು.

ಹಾರ್ನು, ತಮಟೆ, ಧೂಳು. ಅದೆಲ್ಲ ಇಳಿಯುವಷ್ಟರಲ್ಲೇ “ಬಿಚ್ಚಿ! ಟವಲ್ ಬಿಚ್ಚಿ!” ಎಂಬ ಕೂಗು ಎರಡೂ ಕಡೆಯಿಂದ. ಮೇಷ್ಟ್ರು ಸಾಹೇಬರ ಮೊಣಕಾಲಿಗೆ ಮೆಲ್ಲಗೆ ತಿವಿದರು. “ಬೈರಕೂರು ಅಂದ್ಬಿಡಿ ಸಾಹೇಬ್ರೇ. ನಾನು ತಕರಾರು ಎತ್ತಲ್ಲ. ಭಾವಮೈದುನರೂ ಖುಷಿ, ಭವಿಷ್ಯಾನೂ ಸರಿ. ನಿಮಗೇನು ಕಷ್ಟ?”

ಕಷ್ಟವೇನೂ ಇರಲಿಲ್ಲ. ಒಂದು ಊರ ಹೆಸರು, ಅಷ್ಟೇ. ಸಾಹೇಬರು ಮುಂದಿನ ಸಾಲು ನೋಡಿದರು. ಹಜೀರಾ ನೆಟ್ಟ ಕಣ್ಣಿನಲ್ಲಿ ನೋಡುತ್ತಿದ್ದರು. ‘ನೀವು ಯಾಕೆ ಸುಮ್ನಿದ್ರಿ’ ಎಂದು ಕೇಳಿದಾಗಿನ ಅದೇ ನೋಟ.

“ಸಭಿಕರೇ,” ಎಂದರು ಸಾಹೇಬರು. “ಟವಲ್ ಕೆಳಗೆ ಮೇಷ್ಟ್ರು ಕೊಟ್ಟಿದ್ದು ಬೈರಕೂರೂ ಅಲ್ಲ, ರಾಯಲ್ಪಾಡೂ ಅಲ್ಲ. ಮುಷ್ಟಿ. ಮಂಡಿಯೋರಿಗೆಲ್ಲ ಗೊತ್ತು, ಮುಷ್ಟಿ ಅಂದ್ರೆ ‘ನಾನಿಲ್ಲಪ್ಪ’ ಅಂತ. ಎದೆ ಸೆಟೆಸಿ ನಿಂತ್ಕೊಳ್ರೋ ಅಂತ ಮೂವತ್ತು ವರ್ಷ ಮಕ್ಕಳಿಗೆ ಹೇಳ್ಕೊಟ್ಟೋರು ಇವತ್ತು ಹೆಂಡ್ತಿ ತವರಿಗೆ ಹೆದರಿದ್ರು. ನಾನೂ ಹೆದರಿದ್ದೆ, ಇಬ್ರೂ ಒಂದೇ. ತಪ್ಪು ಹೇಳಿದ್ರೆ ಮೇಷ್ಟ್ರು ಈಗ್ಲೇ ತಕರಾರು ಎತ್ತಲಿ.”

ಮೂರು ಸಾವಿರ ತಲೆಗಳು ಕೋದಂಡರಾಮಪ್ಪನವರ ಕಡೆ ತಿರುಗಿದವು. ಮೂವರು ಭಾವಮೈದುನರು ತಿರುಗಿದರು. ಆದಿಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದರು, ಭುಜಗಳು ಕುಲುಕುತ್ತಿದ್ದವು. ಮೇಷ್ಟ್ರು ತಮ್ಮ ಮುಷ್ಟಿಯನ್ನೊಮ್ಮೆ ನೋಡಿಕೊಂಡರು, ಬಿಚ್ಚಿದರು. ಎರಡನೇ ಮೈಕು ಎತ್ತಿಕೊಂಡು ಗಂಟಲು ಸರಿಮಾಡಿಕೊಂಡರು.

“ಹೌದು ಸಾಹೇಬ್ರೇ,” ಎಂದರು, “ಒಳ್ಳೇ ಮಾತು.”